ಮಾಲ್ಡೀವ್ಸ್‌ಗೆ ಕೆಲಸಕ್ಕೆ ಹೊರಟವರಿಗೆ: ಕಡಲ ನಡುವಿನ ಅಪಾಯ ತಗ್ಗಿಸಿಕೊಳ್ಳುವುದು ಹೇಗೆ?

ಮಾಲ್ಡೀವ್ಸ್‌ನ ಶಾಲೆಗೋ ಆಸ್ಪತ್ರೆಗೋ ಕೆಲಸಕ್ಕೆ ಹೊರಟವರೂ ಅವರನ್ನು ಕಳುಹಿಸಿಕೊಡುವ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಸುನಾಮಿ ಬಂದರೆ ಎಲ್ಲಿಗೆ ಓಡುವುದು? ಓಡಲು ಅಲ್ಲಿ ಜಾಗವಿಲ್ಲ, ಹತ್ತಬೇಕು. ಇಷ್ಟಕ್ಕೇ ಉತ್ತರ ಮುಗಿಯುತ್ತಿದ್ದರೆ ಈ ಲೇಖನ ಬೇಕಿರಲಿಲ್ಲ. ಸುನಾಮಿ ಅಪರೂಪದ ಅತಿಥಿ. ಅಲ್ಲಿನ ಜನರನ್ನು ವರ್ಷ ವರ್ಷವೂ ಕಾಡುವುದು ದಡ ಮೀರಿ ಉಕ್ಕುವ ಅಲೆ, ಇಳಿದುಹೋಗದ ಮಳೆನೀರು, ಉಪ್ಪಾದ ಬಾವಿ, ದಿನಗಟ್ಟಲೆ ಬಾರದ ಸಾಮಾನಿನ ದೋಣಿ. ಇವಕ್ಕೆಲ್ಲ ಸಿದ್ಧರಾದವರು ಸುನಾಮಿಗೂ ಬಹುಪಾಲು ಸಿದ್ಧರಾದಂತೆಯೇ.

ಸ್ಥಳೀಯರು ವಾಸಿಸುವ ದ್ವೀಪಗಳಲ್ಲಿ ನೆಲೆಸುವವರಿಗಾಗಿ ಇದನ್ನು ಬರೆದಿದ್ದೇನೆ. ರೆಸಾರ್ಟ್ ನೌಕರರು ತಮ್ಮ ಆಡಳಿತದವರಿಂದ ತುರ್ತು ಯೋಜನೆಯ ಪ್ರತಿಯನ್ನು ಕೇಳಿ ಪಡೆಯಬೇಕು. ಕೇಳದೆ ಯಾರೂ ಕೊಡುವುದಿಲ್ಲ.

ಮೊದಲು ನೆಲದ ಲೆಕ್ಕ

ಸುಮಾರು 1,190 ದ್ವೀಪಗಳು. ಜನವಸತಿ ಇರುವವು 200ಕ್ಕೂ ಕಡಿಮೆ. ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ಹರಡಿಕೊಂಡಿದ್ದರೂ ಎಲ್ಲ ನೆಲ ಒಟ್ಟುಗೂಡಿಸಿದರೆ ಸುಮಾರು 300 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರದ ಅರ್ಧದಷ್ಟೂ ಇಲ್ಲ. ಅದರಲ್ಲಿ ಶೇ 80ಕ್ಕೂ ಹೆಚ್ಚು ಭಾಗ ಸಮುದ್ರಮಟ್ಟದಿಂದ ಒಂದು ಮೀಟರಿಗಿಂತ ಕೆಳಗಿನ ಎತ್ತರದಲ್ಲಿದೆ. ದ್ವೀಪಗಳು ಅಟಾಲ್‌ಗಳಲ್ಲಿ ಗುಂಪುಗೂಡಿವೆ. ಅಟಾಲ್ ಎಂದರೆ ಉಂಗುರದಂತೆ ಬೆಳೆದ ಹವಳದ ದಿಬ್ಬ ಮತ್ತು ಅದರ ಮೇಲೆ ಮರಳು ಕೂಡಿ ಎದ್ದ ದ್ವೀಪಗಳ ಸಾಲು. ಉಂಗುರದೊಳಗಿನ ಶಾಂತ ನೀರನ್ನು ಲಗೂನ್ ಎನ್ನುತ್ತಾರೆ. ಇಲ್ಲಿ ಅದನ್ನು ಒಳಗಡಲು ಎಂದು ಕರೆಯುತ್ತೇನೆ.

ಕಾರವಾರದಿಂದ ಮಂಗಳೂರಿನವರೆಗೆ ಕಡಲು ಕಂಡವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿರುತ್ತದೆ: ಏನೇ ಆದರೂ ಪೂರ್ವಕ್ಕೆ ಸರಿದರೆ ಗಟ್ಟಿ ನೆಲ ಸಿಗುತ್ತದೆ, ಪಕ್ಕದ ತಾಲ್ಲೂಕಿನಿಂದ ನೆರವು ಬರುತ್ತದೆ. ಮಾಲ್ಡೀವ್ಸ್‌ನಲ್ಲಿ ಪೂರ್ವಕ್ಕೆ ಸರಿದರೆ ಇನ್ನೊಂದು ದಡ ಸಿಗುತ್ತದೆ. ನೆರವು ಬರಬೇಕಾದರೂ ಅದೇ ಕೆರಳಿದ ಕಡಲನ್ನು ದಾಟಿ ಬರಬೇಕು. ಹಾಗಾಗಿ ಮಾಡಬೇಕಾದ ಕೆಲಸವೆಲ್ಲ ಮೊದಲೇ ಮಾಡುವಂಥದ್ದು.

2004ರ ಡಿಸೆಂಬರ್ 26ರಂದು ಸುಮಾತ್ರಾದ ಭೂಕಂಪವಾದ ಮೂರು ಗಂಟೆಗಳಿಗೂ ಹೆಚ್ಚು ಹೊತ್ತಿನ ಮೇಲೆ ಅಲೆಗಳು ಇಲ್ಲಿಗೆ ತಲುಪಿದವು. ಎಚ್ಚರಿಸುವ ವ್ಯವಸ್ಥೆ ಆಗ ಇರಲಿಲ್ಲ. 82 ಮಂದಿ ಸತ್ತರು, 26 ಮಂದಿ ಕಾಣೆಯಾದರು. ನಷ್ಟ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಶೇ 62ರಷ್ಟು ಎಂದು ಅಂದಾಜಾಯಿತು. ರಾ ಅಟಾಲ್‌ನ ಕಂದೊಲುದೂ ದ್ವೀಪದವರು ಮತ್ತೆ ಅಲ್ಲಿಗೆ ಮರಳಲಾಗದೆ, ವರ್ಷಗಳ ಬಳಿಕ ದುವಾಫರು ಎಂಬ ಬೇರೆ ದ್ವೀಪದಲ್ಲಿ ಮನೆ ಪಡೆದರು. ಸಾವಿನ ಸಂಖ್ಯೆ ಶ್ರೀಲಂಕಾದಷ್ಟು ಏರದಿರಲು ಒಂದು ಕಾರಣ ಕಡಲತಳದ ರೂಪ. ಅಟಾಲ್‌ಗಳು ಆಳ ಸಮುದ್ರದಿಂದ ಕಡಿದಾಗಿ ಎದ್ದಿರುವುದರಿಂದ ಅಲೆ ಗೋಡೆಯಂತೆ ಎತ್ತರಕ್ಕೆ ಬೆಳೆಯಲು ಬೇಕಾದ ಇಳಿಜಾರಿನ ತಳ ಅದಕ್ಕೆ ಸಿಗಲಿಲ್ಲ. ನೀರು ರಭಸದ ಉಬ್ಬರದಂತೆ ಏರಿ ದ್ವೀಪಗಳ ಮೇಲೆ ಹರಿದುಹೋಯಿತು.

ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ನೋಟ್‌ಪುಸ್ತಕ, ನೀರು ಹೋಗದ ಚೀಲ, ಮುಚ್ಚಳವಿರುವ ಕ್ಯಾನುಗಳು, ಟಾರ್ಚು, ಪವರ್‌ಬ್ಯಾಂಕ್, ಮತ್ತು ನಿಮ್ಮ ಫೋನಿಗೆ ರಾತ್ರಿ ಎರಡು ಗಂಟೆಗೂ ಉತ್ತರಿಸುವ ಒಬ್ಬ ಸ್ಥಳೀಯ ಸ್ನೇಹಿತ.

ಹಂತ 1: ದ್ವೀಪವನ್ನು ಒಂದು ಸುತ್ತು ನಡೆಯಿರಿ, ನಕ್ಷೆ ಬರೆಯಿರಿ

ಸೇರಿದ ಮೊದಲ ವಾರದಲ್ಲೇ ಇದನ್ನು ಮುಗಿಸಿ. ಹೆಚ್ಚಿನ ದ್ವೀಪಗಳನ್ನು ಒಂದು ಗಂಟೆಯೊಳಗೆ ಸುತ್ತಿ ಬರಬಹುದು. ಹೊರಗಡಲ ಕಡೆಯ ದಡ ಯಾವುದು, ಒಳಗಡಲ ಕಡೆಯದು ಯಾವುದು ಎಂದು ಗುರುತಿಸಿ. ಕಡಲ ಅಂಚಿನಲ್ಲಿ ಅಲೆಗಳೇ ವರ್ಷಗಟ್ಟಲೆ ಹವಳದ ಚೂರು, ಮರಳು ತಂದು ರಾಶಿ ಹಾಕಿದ ಏರು ಇರುತ್ತದೆ. ದ್ವೀಪದ ಅತಿ ಎತ್ತರದ ಜಾಗ ಸಾಮಾನ್ಯವಾಗಿ ಅದೇ.

ಹೊಸಬರು ಎಡವುವುದು ಇಲ್ಲೇ. ದಡದಿಂದ ದೂರವಿರುವ ನಡುಭಾಗವೇ ಸುರಕ್ಷಿತ ಎಂದು ಅವರು ಭಾವಿಸುತ್ತಾರೆ. ನಡುಭಾಗ ಎಷ್ಟೋ ಕಡೆ ಬಟ್ಟಲಿನಂತೆ ತಗ್ಗಾಗಿರುತ್ತದೆ. ಅಲೆಯ ಹೊಡೆತ ಅಲ್ಲಿಗೆ ತಟ್ಟದಿರಬಹುದು, ಏರು ದಾಟಿ ಬಂದ ನೀರು ಮಾತ್ರ ಅಲ್ಲೇ ನಿಲ್ಲುತ್ತದೆ.

ಮುಂದೆ ಎರಡು ಅಂತಸ್ತಿನ ಕಾಂಕ್ರೀಟ್ ಕಟ್ಟಡಗಳನ್ನು ಎಣಿಸಿ: ಶಾಲೆ, ಆರೋಗ್ಯ ಕೇಂದ್ರ, ಕೌನ್ಸಿಲ್ (ದ್ವೀಪದ ಸ್ಥಳೀಯ ಆಡಳಿತ) ಕಚೇರಿ, ಮನೆಗಳು. ಮೆಟ್ಟಿಲು ಹೊರಗಿದೆಯೇ ಒಳಗಿದೆಯೇ ನೋಡಿ. ಒಳಗಿದ್ದರೆ ರಾತ್ರಿ ಮತ್ತು ರಜೆಯ ದಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ವಿಚಾರಿಸಿ. ಮೆಟ್ಟಿಲ ಬಾಗಿಲಿಗೆ ಬೀಗ ಬಿದ್ದಿರುವ ಮೂರಂತಸ್ತಿನ ಶಾಲೆಗಿಂತ ತೆರೆದ ಮೆಟ್ಟಿಲಿನ ಪಕ್ಕದ ಮನೆ ಎಷ್ಟೋ ವಾಸಿ. ಹವಳದ ಕಲ್ಲು, ಸುಣ್ಣದಿಂದ ಕಟ್ಟಿದ ಹಳೆಯ ಮನೆಗಳನ್ನು ಆಸರೆಯ ಪಟ್ಟಿಗೆ ಸೇರಿಸಬೇಡಿ. 2004ರಲ್ಲಿ ಕುಸಿದು ಬಿದ್ದವುಗಳಲ್ಲಿ ಇಂಥ ಗೋಡೆಗಳು ಬಹಳ.

ಜೆಟ್ಟಿ, ಡೀಸೆಲ್ ಸಂಗ್ರಹ, ವಿದ್ಯುತ್ ಮನೆ ಕೂಡ ನಕ್ಷೆಯಲ್ಲಿರಲಿ. ಅಲ್ಲಿ ಊರಿಂದ ಊರಿಗೆ ಎಳೆದ ವಿದ್ಯುತ್ ಜಾಲವಿಲ್ಲ, ದ್ವೀಪ ದ್ವೀಪಕ್ಕೂ ತನ್ನದೇ ಜನರೇಟರ್ ಇರುತ್ತದೆ. ಅದರೊಳಗೆ ನೀರು ನುಗ್ಗಿದರೆ ಇಡೀ ದ್ವೀಪದ ದೀಪ, ಪಂಪು, ಫ್ರಿಜ್ಜು ಒಟ್ಟಿಗೇ ನಿಲ್ಲುತ್ತವೆ.

ಹಂತ 2: ಋತುಗಳನ್ನು ತಿಳಿದುಕೊಳ್ಳಿ

ನೈಋತ್ಯ ಮಾರುತದ ಕಾಲವನ್ನು ಅಲ್ಲಿ ಹುಳಂಗು ಎನ್ನುತ್ತಾರೆ. ಸರಿಸುಮಾರು ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮಳೆ, ಗಾಳಿ, ಒರಟು ಕಡಲು. ಈಶಾನ್ಯ ಮಾರುತದ ಕಾಲ ಇರುವೈ. ಜನವರಿಯಿಂದ ಮಾರ್ಚ್‌ವರೆಗೆ ಒಣಹವೆ. ಅಲ್ಲಿನ ಹಿರಿಯ ಮೀನುಗಾರರು ಇದನ್ನೆಲ್ಲ 27 ನಕ್ಷತ್ರಗಳ ಪಂಚಾಂಗದಲ್ಲಿ ಲೆಕ್ಕ ಹಾಕುತ್ತಾರೆ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ, ಮಳೆಗಾಲದ ಲೆಕ್ಕ ಶುರುವಾಗುವುದು ಏಪ್ರಿಲ್‌ನಲ್ಲಿ, ಅಸ್ಸಿದದಿಂದ, ಅಂದರೆ ನಮ್ಮ ಅಶ್ವಿನಿಯಿಂದ. ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ಬಿತ್ತನೆ ಲೆಕ್ಕ ಹಾಕುವ ಮನೆಯಿಂದ ಹೋದವರಿಗೆ ಇದು ಬೇಗ ಒಗ್ಗುತ್ತದೆ. ಸಾಮಾನ್ಯ ಹವೆಯ ಅಂದಾಜಿಗೆ ಅದು ಸಾಕು. ನಿರ್ದಿಷ್ಟ ದಿನದ ಎಚ್ಚರಿಕೆಗೆ ಅದನ್ನು ನಂಬಬೇಡಿ.

ಇನ್ನು ಹೊಸಬರು ಊಹಿಸದ ಅಪಾಯವೆಂದರೆ ‘ಉದಾ’ ಎಂಬುದು. ಮಾಲ್ಡೀವ್ಸ್‌ನವರ ದಿವೇಹಿ ಭಾಷೆಯಲ್ಲಿ ದಡ ಮೀರಿ ಬರುವ ದೂರದ ಅಲೆಗೆ ಈ ಹೆಸರು. ಸಾವಿರಾರು ಕಿಲೋಮೀಟರ್ ಆಚೆ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ಬಂದು ದ್ವೀಪವನ್ನು ತುಂಬುತ್ತವೆ. ಆಗ ನಿಮ್ಮ ತಲೆಯ ಮೇಲೆ ಆಕಾಶ ನೀಲಿಯಾಗಿರಬಹುದು, ತೆಂಗಿನ ಗರಿಯೂ ಅಲುಗದಿರಬಹುದು. ಕೇರಳದ ಕರಾವಳಿಯಲ್ಲಿ ಕಳ್ಳಕ್ಕಡಲ್ ಎನ್ನುವುದು ಇದನ್ನೇ. 1987ರ ಏಪ್ರಿಲ್‌ನಲ್ಲಿ ರಾಜಧಾನಿ ಮಾಲೆ ಮತ್ತು ವಿಮಾನ ನಿಲ್ದಾಣವನ್ನು ಮುಳುಗಿಸಿದ್ದು, 2007ರ ಮೇ ತಿಂಗಳಿನಲ್ಲಿ ಹಲವು ಅಟಾಲ್‌ಗಳ ದ್ವೀಪಗಳಿಗೆ ನುಗ್ಗಿದ್ದು ಇಂಥ ಅಲೆಗಳೇ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರದ ಹೊತ್ತಿಗೆ ಇವು ಬಂದರೆ ಹೆಚ್ಚು ಕಷ್ಟ. ಊರಿನಿಂದ ಒಂದು ಪಂಚಾಂಗದ ಕ್ಯಾಲೆಂಡರ್ ಒಯ್ಯಿರಿ, ಏಪ್ರಿಲ್‌ನಿಂದ ಜುಲೈವರೆಗಿನ ಹುಣ್ಣಿಮೆ ಅಮಾವಾಸ್ಯೆಗಳಿಗೆ ಸುತ್ತು ಹಾಕಿ ಗೋಡೆಗೆ ನೇತುಹಾಕಿ.

ಚಂಡಮಾರುತದ ಭಯ ಅಷ್ಟಿಲ್ಲ. ಭೂಮಧ್ಯರೇಖೆಯ ಹತ್ತಿರ ಗಾಳಿ ಸುರುಳಿ ಸುತ್ತಿ ಬಲಗೊಳ್ಳುವುದು ಕಷ್ಟ. ಉತ್ತರದ ಅಟಾಲ್‌ಗಳಿಗೆ ಅಪಾಯ ಸ್ವಲ್ಪ ಹೆಚ್ಚು. ದಕ್ಷಿಣ ತುದಿಯ ಅಡ್ಡುವಿನಲ್ಲಿ ತೀರಾ ಕಡಿಮೆ.

ಹಂತ 3: ಎಚ್ಚರಿಕೆ ನಿಮ್ಮ ಕಿವಿಗೆ ಬೀಳುವಂತೆ ಮಾಡಿಕೊಳ್ಳಿ

ಮಾಲ್ಡೀವ್ಸ್ ಹವಾಮಾನ ಇಲಾಖೆ ಎಚ್ಚರಿಕೆಯನ್ನು ಬಣ್ಣಗಳಲ್ಲಿ ಕೊಡುತ್ತದೆ: ಬಿಳಿ, ಹಳದಿ, ಕಿತ್ತಳೆ, ಕೆಂಪು. ಮಳೆಗಾಲದಲ್ಲಿ ಬಿಳಿ, ಹಳದಿ ಆಗಾಗ ಬರುತ್ತಲೇ ಇರುತ್ತವೆ. ಆಗಾಗ ಬರುವುದರಿಂದಲೇ ಜನ ಅವನ್ನು ಲೆಕ್ಕಿಸುವುದನ್ನು ಬಿಡುತ್ತಾರೆ. ಹಳದಿ ಇರುವ ದಿನ ಚಿಕ್ಕ ದೋಣಿಯಲ್ಲಿ ಅಟಾಲ್ ದಾಟುವ ಪ್ರಯಾಣ ಬೇಡ ಎಂಬ ನಿಯಮವನ್ನು ನೀವೇ ಹಾಕಿಕೊಳ್ಳಿ. ರಜೆಗೆ ಊರಿಗೆ ಹೊರಡುವಾಗ ದೋಣಿ ಮತ್ತು ವಿಮಾನದ ನಡುವೆ ಕನಿಷ್ಠ ಒಂದು ದಿನ ಬಿಡುವಿರಲಿ. ಟಿಕೆಟ್ ಹಾಳಾಗುತ್ತದೆಂದು ಕೆಟ್ಟ ಕಡಲಿಗೆ ಇಳಿಯುವ ಪರಿಸ್ಥಿತಿ ಬರಬಾರದು.

ದ್ವೀಪದ ಸುದ್ದಿ ಹರಿದಾಡುವುದು ವೈಬರ್ ಗುಂಪುಗಳಲ್ಲಿ ಮತ್ತು ಮಸೀದಿಯ ಧ್ವನಿವರ್ಧಕದಲ್ಲಿ, ಎರಡೂ ದಿವೇಹಿಯಲ್ಲಿ. ಕೌನ್ಸಿಲ್ ಅಥವಾ ಶಾಲೆಯ ಗುಂಪಿಗೆ ಸೇರಿಸಿಕೊಳ್ಳಲು ಮೊದಲ ದಿನವೇ ಕೇಳಿ. ತುರ್ತು ಸಂದೇಶವನ್ನು ಯಾರು ನಿಮಗೆ ಅರ್ಥ ಮಾಡಿಸಿ ಹೇಳುತ್ತಾರೆ ಎಂಬುದನ್ನೂ ಗೊತ್ತುಮಾಡಿಕೊಳ್ಳಿ.

ಇಡೀ ಹಿಂದೂ ಮಹಾಸಾಗರದ ದೇಶಗಳಿಗೆ ಸುನಾಮಿ ಮಾಹಿತಿ ಕೊಡುವ ಕೇಂದ್ರಗಳಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಒಂದು. ಅದರ ಪ್ರಕಟಣೆಯನ್ನು ಊರಿನವರು ಟಿವಿಯಲ್ಲಿ ನೋಡಿ ನಿಮಗೆ ಫೋನ್ ಮಾಡುತ್ತಾರೆ. ಒಂದು ವಿಷಯ ನೆನಪಿರಲಿ: ಮಾಲ್ಡೀವ್ಸ್‌ನ ಗಡಿಯಾರ ಭಾರತಕ್ಕಿಂತ ಅರ್ಧ ಗಂಟೆ ಹಿಂದೆ. ಅಲೆ ತಲುಪುವ ಹೊತ್ತನ್ನು ಕೇಳಿದಾಗ ಅದು ಯಾವ ಗಡಿಯಾರದ ಹೊತ್ತು ಎಂದು ಮೊದಲು ಕೇಳಿ.

ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ: ಪೊಲೀಸ್ 119, ಆಂಬುಲೆನ್ಸ್ 102, ಅಗ್ನಿಶಾಮಕ 118, ಕರಾವಳಿ ಕಾವಲು 191. ಮಾಲೆಯಲ್ಲಿರುವ ಭಾರತದ ಹೈಕಮಿಷನ್‌ನಲ್ಲಿ ಹೆಸರು ನೋಂದಾಯಿಸಿ, ದ್ವೀಪ ಬದಲಾದಾಗ ತಿಳಿಸಿ.

ಹಂತ 4: ನೀರು

ಈ ಹಂತವನ್ನು ಉಳಿದ ಎಲ್ಲಕ್ಕಿಂತ ನಿಧಾನವಾಗಿ ಓದಿ. ಹವಳದ ದ್ವೀಪದಲ್ಲಿ ನದಿಯಿಲ್ಲ, ಹೆಚ್ಚಿನ ಕಡೆ ಕೆರೆಯೂ ಇಲ್ಲ. ಮರಳಿನೊಳಗೆ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಸಿಹಿನೀರು ಹಗುರ, ಅದಕ್ಕೇ ತೇಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಂಗುಲ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಂಗುಲ ಇರುತ್ತದೆ ಎಂಬುದು ಭೂವಿಜ್ಞಾನಿಗಳ ಸೂತ್ರ. ತಿರುಗಿಸಿ ಓದಿದರೆ, ಮೇಲೆ ಒಂದು ಅಂಗುಲ ಕಳೆದುಕೊಂಡರೆ ಕೆಳಗೆ ನಲವತ್ತು ಅಂಗುಲ ಹೋಯಿತು. ಬಾವಿಗೆ ದೊಡ್ಡ ಪಂಪು ಹಾಕುವವರು ಇದನ್ನು ತಿಳಿದಿರಬೇಕು.

ಆದ್ದರಿಂದ ಕುಡಿಯಲು ಬಾವಿನೀರು ಬೇಡ. ಮಳೆನೀರಿನ ಟ್ಯಾಂಕು, ಇಲ್ಲವೇ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕದ ನಲ್ಲಿ ನೀರು, ಅದೂ ಇಲ್ಲದಿದ್ದರೆ ಬಾಟಲಿ. ನಲ್ಲಿ ಇದೆಯೆಂದು ನಿಶ್ಚಿಂತರಾಗಬೇಡಿ. 2014ರ ಡಿಸೆಂಬರ್ 4ರಂದು ಮಾಲೆಯ ಘಟಕದಲ್ಲಿ ಬೆಂಕಿ ಬಿದ್ದು ಒಂದು ಲಕ್ಷಕ್ಕೂ ಹೆಚ್ಚು ಜನ ಒಮ್ಮೆಗೇ ಕುಡಿಯುವ ನೀರಿಲ್ಲದೆ ನಿಂತರು. ಭಾರತ ವಿಮಾನ, ಹಡಗುಗಳಲ್ಲಿ ನೀರು ಕಳುಹಿಸಿತು. ಅದು ರಾಜಧಾನಿ, ಪಕ್ಕದಲ್ಲೇ ವಿಮಾನ ನಿಲ್ದಾಣ. ನಿಮ್ಮ ದ್ವೀಪಕ್ಕೆ ಅಷ್ಟು ಬೇಗ ಬಾರದಿರಬಹುದು.

ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂದಿಟ್ಟುಕೊಂಡು ಒಂದು ವಾರದ ನೀರನ್ನು ಸದಾ ಕೋಣೆಯಲ್ಲಿಡಿ. ಒಬ್ಬರಿಗೆ 28 ಲೀಟರ್. ಒಂದೇ ದೊಡ್ಡ ಡ್ರಮ್ಮಿನಲ್ಲಿ ಬೇಡ, ಎತ್ತಿಕೊಂಡು ಮೆಟ್ಟಿಲು ಹತ್ತಬಹುದಾದ ಕ್ಯಾನುಗಳಲ್ಲಿ. ಮಳೆನೀರು ಹಿಡಿಯುವ ಮನೆಯಾದರೆ, ಒಣ ತಿಂಗಳುಗಳ ನಂತರದ ಮೊದಲ ಮಳೆಯನ್ನು ಟ್ಯಾಂಕಿಗೆ ಬಿಡದೆ ಹೊರಗೆ ಹರಿಸಿ, ಚಾವಣಿಯ ಧೂಳು, ಹಕ್ಕಿಯ ಹಿಕ್ಕೆ ತೊಳೆದುಹೋಗಲಿ. ಟ್ಯಾಂಕನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿ ಕಟ್ಟಿರಬೇಕು. ಖಾಲಿ ಪ್ಲಾಸ್ಟಿಕ್ ಟ್ಯಾಂಕು ನೀರು ಬಂದೊಡನೆ ತೇಲಿಕೊಂಡು ಹೊರಟುಬಿಡುತ್ತದೆ.

ಕುದಿಸಿದರೆ ನೀರು ಶುದ್ಧವಾಗುತ್ತದೆ ಎಂಬುದು ನಮಗೆ ಚಿಕ್ಕಂದಿನಿಂದ ಬಂದ ಪಾಠ. ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಇನ್ನಷ್ಟು ಉಪ್ಪಾಗುತ್ತದೆ.

ಹಂತ 5: ಕೋಣೆ, ಕಾಗದ, ಅಡುಗೆ

ಸಾಧ್ಯವಿದ್ದರೆ ಮೇಲಂತಸ್ತಿನ ಕೋಣೆ ಕೇಳಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಒಪ್ಪಿಕೊಳ್ಳಿ. ನೆಲಮಹಡಿಯೇ ಆದರೆ ಮನೆಯ ಮುಂದಿನ ರಸ್ತೆಯನ್ನು ನೋಡಿ. ಹಲವು ದ್ವೀಪಗಳಲ್ಲಿ ರಸ್ತೆಗಳನ್ನು ಏರಿಸಿದ ಮೇಲೆ ಹಳೆಯ ಮನೆಗಳ ಹೊಸ್ತಿಲು ಕೆಳಗಾಗಿದೆ. ಮಳೆ ಬಂದರೆ ರಸ್ತೆಯ ನೀರೆಲ್ಲ ಮನೆಯೊಳಗೆ. ಮಳೆಗಾಲಕ್ಕೆ ಮೊದಲೇ ನಾಲ್ಕಾರು ಮರಳು ಚೀಲ ಸಿದ್ಧವಿರಲಿ. ಆ ಮರಳನ್ನು ದಡದಿಂದ ತುಂಬಿಕೊಂಡು ಬರಬೇಡಿ, ಕೌನ್ಸಿಲ್‌ನಲ್ಲಿ ಕೇಳಿ.

ವಿದ್ಯುತ್ ಎಕ್ಸ್‌ಟೆನ್ಷನ್ ಬೋರ್ಡುಗಳು ನೆಲದ ಮೇಲಿರಬಾರದು. ಮುಖ್ಯ ಸ್ವಿಚ್ ಎಲ್ಲಿದೆ, ಕತ್ತಲೆಯಲ್ಲಿ ಕೈಗೆ ಸಿಗುತ್ತದೆಯೇ ನೋಡಿ. ಗ್ಯಾಸ್ ಸಿಲಿಂಡರನ್ನು ನೇರವಾಗಿ ನಿಲ್ಲಿಸಿ ಗೋಡೆಗೆ ಕಟ್ಟಿ.

ಶಿಕ್ಷಕರು, ನರ್ಸುಗಳು ಮೂಲ ಪದವಿ ಪತ್ರ, ಅಂಕಪಟ್ಟಿ, ನೋಂದಣಿ ಪತ್ರಗಳನ್ನು ಜತೆಗೆ ಒಯ್ದಿರುತ್ತಾರೆ. ಪಾಸ್‌ಪೋರ್ಟ್ ಹೋದರೆ ಹೊಸದು ಸಿಗುತ್ತದೆ. ವಿಶ್ವವಿದ್ಯಾಲಯದಿಂದ ಅಂಕಪಟ್ಟಿಯ ನಕಲು ಪಡೆಯುವುದು ಎಂಥ ವ್ರತ ಎಂದು ನಿಮಗೇ ಗೊತ್ತು. ಎಲ್ಲವನ್ನೂ ನೀರು ಹೋಗದ ಚೀಲದಲ್ಲಿ, ಎದೆಮಟ್ಟಕ್ಕಿಂತ ಎತ್ತರದಲ್ಲಿಡಿ. ಸ್ಕ್ಯಾನ್ ಮಾಡಿದ ಪ್ರತಿ ಊರಿನಲ್ಲಿರಲಿ. ನಿತ್ಯ ಮಾತ್ರೆ ತೆಗೆದುಕೊಳ್ಳುವವರು ಒಂದು ತಿಂಗಳ ಮದ್ದು ಮುಂಗಡವಾಗಿ ಇಟ್ಟುಕೊಳ್ಳಿ. ಬೆಂಕಿ ಹಚ್ಚದೆ ತಿನ್ನಬಹುದಾದ ಆಹಾರಕ್ಕೆ ಅವಲಕ್ಕಿ, ಹುರಿಹಿಟ್ಟಿಗೆ ಸಮನಾದುದಿಲ್ಲ.

ಹಂತ 6: ನೀರು ಬರುವಾಗ

ಉದಾ ಮತ್ತು ಸುನಾಮಿ ಎರಡಕ್ಕೂ ಒಂದೇ ಕ್ರಮವಲ್ಲ. ಉದಾ ಒಂದು ಉಬ್ಬರಕ್ಕೆ ಬಂದು, ಇಳಿದು, ಮುಂದಿನ ಉಬ್ಬರಕ್ಕೆ ಮತ್ತೆ ಬರಬಹುದು. ಸಾಮಾನು ಮೇಲೆತ್ತಿ, ವಿದ್ಯುತ್ ಆರಿಸಿ, ಮಕ್ಕಳನ್ನು ಜೆಟ್ಟಿಯ ಕಡೆ ಬಿಡದೆ ಮನೆಯಲ್ಲೇ ಇರಬಹುದು. ವಿಡಿಯೊ ಮಾಡಲು ದಡಕ್ಕೆ ಹೋಗಬೇಡಿ. ಮೊದಲ ಸಲ ನೀರು ಇಳಿದ ಕೂಡಲೇ ಎಲ್ಲವನ್ನೂ ಕೆಳಗಿಳಿಸಿ ಜೋಡಿಸುವುದು ಸಾಮಾನ್ಯ ತಪ್ಪು. ಎರಡು ದಿನ ಹಾಗೇ ಇರಲಿ.

ಸುನಾಮಿ ಎಚ್ಚರಿಕೆ ಬಂದರೆ ಮನೆ ಬಿಟ್ಟು ನೀವು ಗುರುತಿಸಿಟ್ಟ ಮೇಲಂತಸ್ತಿಗೆ ಹೋಗಿ. ಸುಮಾತ್ರಾ ಕಡೆಯಿಂದಾದರೆ ಸುಮಾರು ಮೂರು ಗಂಟೆ ಸಮಯವಿರುತ್ತದೆ. ಅದು ನೀರು, ಮದ್ದು, ವೃದ್ಧರು, ಮಕ್ಕಳನ್ನು ಮೇಲಕ್ಕೆ ಸಾಗಿಸಲು ಸಾಕಾಗುವ ಸಮಯ. ಚೀಲ ಕಟ್ಟುತ್ತ ಚರ್ಚೆ ಮಾಡಿದರೆ ಸಾಲದು. ನೆಲ ನಡುಗಲಿ ಎಂದು ಕಾಯಬೇಡಿ. ಅಷ್ಟು ದೂರದ ಕಂಪನ ನಿಮಗೆ ತಿಳಿಯದೇ ಹೋಗಬಹುದು. ಒಳಗಡಲಿನ ನೀರು ಇದ್ದಕ್ಕಿದ್ದಂತೆ ಬತ್ತಿ ಹವಳ ಬಯಲಾದರೆ, ಯಾವ ಎಚ್ಚರಿಕೆ ಬಾರದಿದ್ದರೂ ಆ ಕ್ಷಣವೇ ಹತ್ತಿ. ನೀರು ಎರಡೂ ದಡಗಳಿಂದ ಬರಬಹುದು. ಅಲೆ ಒಂದಲ್ಲ, ಹಲವು. ಮೊದಲನೆಯದೇ ದೊಡ್ಡದೆಂದು ಹೇಳಲಾಗದು. ಅಧಿಕೃತ ಮಾತು ಬರುವವರೆಗೆ ಇಳಿಯಬೇಡಿ.

ದೋಣಿ ಉಳಿಸಲು ಜೆಟ್ಟಿಗೆ ಓಡುವುದು ಬೇಡ. ಆಗಲೇ ಆಳ ಕಡಲಲ್ಲಿರುವ ದೋಣಿ ಅಲ್ಲೇ ಇರಲಿ. ಆಳದಲ್ಲಿ ಸುನಾಮಿ ಹೆಚ್ಚು ತಿಳಿಯುವುದೂ ಇಲ್ಲ.

ಶಿಕ್ಷಕರಿಗೆ ಪ್ರತ್ಯೇಕ ಮಾತು: ಮಕ್ಕಳು ಶಾಲೆಯ ಮೇಲಂತಸ್ತಿನಲ್ಲೇ ಇರುತ್ತಾರೆ, ಕರೆದೊಯ್ಯಲು ಬರಬೇಡಿ ಎಂದು ಪೋಷಕರಿಗೆ ವರ್ಷದ ಆರಂಭದಲ್ಲೇ ತಿಳಿಸಿ, ಅವರನ್ನೂ ಸೇರಿಸಿ ಒಮ್ಮೆ ಅಣಕು ಕವಾಯತು ಮಾಡಿ. ಇಲ್ಲದಿದ್ದರೆ ಮಕ್ಕಳು ಮೇಲೆ ಸುರಕ್ಷಿತವಾಗಿದ್ದು ಅಪ್ಪ ಅಮ್ಮಂದಿರು ರಸ್ತೆಯಲ್ಲಿರುತ್ತಾರೆ.

ಹಂತ 7: ನೀರು ಇಳಿದ ಮೇಲೆ

ಉಪ್ಪು ನುಗ್ಗಿದ ಬಾವಿಯನ್ನು ಪಂಪು ಹಾಕಿ ಪೂರ್ತಿ ಖಾಲಿ ಮಾಡಲು ಹೋಗಬೇಡಿ. ಮೇಲಿನ ಸಿಹಿಪದರ ಬರಿದಾಗಿ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಕಸ, ಕೆಸರು ತೆಗೆದು ಬಿಡಿ; ಅದನ್ನು ಸರಿಪಡಿಸಬೇಕಾದುದು ಮಳೆ. ಮಲಗುಂಡಿಗಳು ಉಕ್ಕಿರುವುದರಿಂದ ಆ ನೀರಿನಿಂದ ಪಾತ್ರೆಯನ್ನೂ ತೊಳೆಯಬೇಡಿ. ನೆನೆದ ಸ್ವಿಚ್ಚು, ಫ್ರಿಜ್ಜನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಮುಟ್ಟಬೇಡಿ. ಒಣಗಿದ ಮೇಲೂ ಉಪ್ಪು ಒಳಗೇ ಉಳಿದಿರುತ್ತದೆ. ಮಳೆನೀರು ನಿಂತರೆ ವಾರದೊಳಗೆ ಡೆಂಗಿ ಸೊಳ್ಳೆ. ಒಡೆದ ಟ್ಯಾಂಕು, ಬಕೆಟ್ಟು, ಎಳನೀರಿನ ಚಿಪ್ಪು ಎಲ್ಲ ಮಗುಚಿ ಹಾಕಿ.

ಹಂತ 8: ದ್ವೀಪದ ಕಾವಲುಗಾರರನ್ನು ಉಳಿಸಿ

ದ್ವೀಪವನ್ನು ದಿನವೂ ಕಾಯುವುದು ಮೂರು: ಅಲೆಯ ಬಲವನ್ನು ದೂರದಲ್ಲೇ ಮುರಿಯುವ ಹವಳದ ದಿಬ್ಬ, ದಡದ ಏರನ್ನು ಬೇರಿನಿಂದ ಹಿಡಿದಿರುವ ಕೇದಗೆ ಮತ್ತು ಪೊದೆಗಳ ಸಾಲು, ಮಳೆನೀರನ್ನು ತುಂಬಿಕೊಳ್ಳುವ ಕುಳಿ ಎಂಬ ತಗ್ಗು ಜೌಗು. 1998 ಮತ್ತು 2016ರಲ್ಲಿ ಕಡಲು ಬಿಸಿಯಾಗಿ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡವು. ಅದು ನಮ್ಮ ಕೈಯಲ್ಲಿಲ್ಲ. ಹವಳದ ಮೇಲೆ ಲಂಗರು ಬಿಡದಿರುವುದು, ಕಡಲು ಕಾಣಲಿ ಎಂದು ಪೊದೆ ಕಡಿಯದಿರುವುದು ಕೈಯಲ್ಲಿದೆ. ಉತ್ತರದ ಕುಳುದುಫುಶಿಯಲ್ಲಿ ವಿಮಾನ ನಿಲ್ದಾಣಕ್ಕಾಗಿ ಕಾಂಡ್ಲಾ ಕಾಡಿನ ಜೌಗಿನ ಒಂದು ಭಾಗವನ್ನು ತುಂಬಿಸಿದಾಗ ದೇಶದಲ್ಲಿ ಎದ್ದ ವಾದ ಈ ಕುರಿತಾದದ್ದೇ.

ಗೋಡೆ ಕಟ್ಟಿದರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಮಾಲೆಯಲ್ಲಿ 1987ರ ನಂತರ ಜಪಾನಿನ ನೆರವಿನಿಂದ ಟೆಟ್ರಾಪಾಡ್ ಎಂಬ ನಾಲ್ಕು ಕಾಲಿನ ಕಾಂಕ್ರೀಟ್ ತುಂಡುಗಳ ಅಲೆತಡೆ ಕಟ್ಟಿದರು, 2004ರಲ್ಲಿ ಅದು ನಗರವನ್ನು ಬಹಳಷ್ಟು ಉಳಿಸಿತು. ಕಿಕ್ಕಿರಿದ ರಾಜಧಾನಿಗೆ ಅದು ಸರಿ. ಚಿಕ್ಕ ದ್ವೀಪದ ಲೆಕ್ಕ ಬೇರೆ. ಅಲ್ಲಿ ದಡದ ಮರಳು ಒಂದು ಮಾರುತದಲ್ಲಿ ಒಂದು ಬದಿಗೆ, ಇನ್ನೊಂದು ಮಾರುತದಲ್ಲಿ ಮತ್ತೊಂದು ಬದಿಗೆ ಸರಿಯುತ್ತ ದ್ವೀಪವನ್ನು ಸುತ್ತುತ್ತಿರುತ್ತದೆ. ಬಂದರು, ಗೋಡೆ ಅದನ್ನು ತಡೆದರೆ ಒಂದು ಕಡೆ ರಾಶಿ, ಇನ್ನೊಂದು ಕಡೆ ಕೊರೆತ. ಉಳ್ಳಾಲದ ಕಡಲ್ಕೊರೆತ ಕಂಡವರಿಗೆ, ಒಂದೆಡೆ ಕಲ್ಲು ಹಾಕಿದರೆ ಪಕ್ಕದ ಮನೆಯವರು ಯಾಕೆ ಹೆದರುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹೊರಗಿನಿಂದ ಬಂದ ನಿಮಗೆ ಕೌನ್ಸಿಲ್‌ನಲ್ಲಿ ಮತವಿಲ್ಲ. ಆದರೆ ದಾಖಲೆ ಕೊಡಬಹುದು. ದಡದ ನಾಲ್ಕು ಕಡೆ ಕದಲದ ಗುರುತು ಆರಿಸಿ (ಮರ ಬೇಡ, ಕಟ್ಟಡದ ಮೂಲೆಯಿರಲಿ), ಇರುವೈ ಮುಗಿಯುವಾಗ ಒಮ್ಮೆ, ಹುಳಂಗು ಮುಗಿಯುವಾಗ ಒಮ್ಮೆ ಮಕ್ಕಳ ಕೈಯಲ್ಲಿ ಅದೇ ಜಾಗದಿಂದ ಫೋಟೊ ತೆಗೆಸಿ, ಗುರುತಿನಿಂದ ನೀರಿನವರೆಗೆ ಟೇಪು ಹಿಡಿದು ಅಳತೆ ಬರೆಸಿ, ಪ್ರತಿ ವರ್ಷ ಕೌನ್ಸಿಲ್‌ಗೆ ಒಪ್ಪಿಸಿ. ದಿನಾಂಕ, ಗಂಟೆ, ಉಬ್ಬರವೋ ಇಳಿತವೋ ಎಂಬುದು ಪ್ರತಿ ಫೋಟೊದ ಜತೆ ಇರಬೇಕು. ಅದಿಲ್ಲದ ಅಳತೆ ಯಾವ ಎಂಜಿನಿಯರಿಗೂ ಕೆಲಸಕ್ಕೆ ಬರುವುದಿಲ್ಲ.